ಅಕ್ಕನೋ ತಂಗಿಯೋ

ಕಳೆದ ವರ್ಷದ ಜುಲೈಯಿಂದ ನಾನೂ ನಮ್ಮವರೂ ಮಿಶನರಿಗಳಾಗಿದ್ದೇವೆ. ಹೀಗೆಂದು ಸಾರಿದ್ದು ನಮ್ಮ ಸಭಾಪಾಲಕರು. ಭಾನುವಾರ ಆರಾಧನೆ ಮುಗಿದು ಪ್ರಕಟಣೆ ಓದುವಾಗ, "ಇವರಿಬ್ಬರು ನಮ್ಮ ಸಭೆಯ ಹಳೆಯ ಪುಸ್ತಕಗಳಿಗೆ ಮಿಶನರಿಗಳು" ಅಂದುಬಿಟ್ಟರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗದೆ ಇನ್ನೇನು? ಮಿಶನರಿ ಅಂದರೆ ನಮ್ಮ ಕಡೆ ಕಣ್ಣಿಗೆ ಬರುವುದು ಎದೆಮಟ್ಟ ಗಡ್ಡ ಬಿಟ್ಟ ಹೆಬಿಕ್ ದೊರೆ. ನಮ್ಮವರಿಗೆ 71, ನನಗೆ 66. ನನ್ನ ಚೀಲದಲ್ಲಿ ಮಂಡಿನೋವಿನ ಎಣ್ಣೆ, ಅವರ ಚೀಲದಲ್ಲಿ ಕ್ಯಾಮೆರಾ. ನಾವು ಯಾವ ಊರಿಗೂ ಹೋಗುವುದಿಲ್ಲ. ವಾರಕ್ಕೆ 3 ದಿನ ಬೆಳಿಗ್ಗೆ ಚರ್ಚಿನ ಹಿಂದಿನ ಕೋಣೆಗೆ ಹೋಗಿ, ಒಂದು ಮರದ ಕಪಾಟು ತೆರೆದು, 150 ವರ್ಷದ ಹಿಂದಿನ ರಿಜಿಸ್ಟರುಗಳ ಧೂಳು ತೆಗೆಯುತ್ತೇವೆ. ಮಧ್ಯಾಹ್ನ ಊಟಕ್ಕೆ ಮನೆಗೆ.

ನಮ್ಮದು ಬಾಸೆಲ್ ಮಿಶನ್ ಸಭೆ. ಈಗ ಬೋರ್ಡಿನಲ್ಲಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಅಂತ ಇದ್ದರೂ ಮಂಗಳೂರಿನಲ್ಲಿ ಯಾರನ್ನು ಕೇಳಿದರೂ "ಬಾಸೆಲ್ ಮಿಶನಿನವರು" ಅಂತಲೇ ಹೇಳುತ್ತಾರೆ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಿನಲ್ಲಿ 1815ರಲ್ಲಿ ಹುಟ್ಟಿದ ಸಂಸ್ಥೆ ಇದು. 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಅನ್ನುವ ಮೂವರು ಜರ್ಮನ್ನರು ಮಂಗಳೂರಿಗೆ ಬಂದರು. ಆಮೇಲಿನ ಕಥೆ ಕನ್ನಡಿಗರಿಗೆ ಗೊತ್ತೇ ಇದೆ. 1843ರಲ್ಲಿ ಮೊಗ್ಲಿಂಗ್ ತಂದ ಮಂಗಳೂರು ಸಮಾಚಾರ, 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು, ಹಂಚು, ಖಾಕಿ ಬಟ್ಟೆ. ಶಾಲೆಯ ಮಕ್ಕಳೂ ಹೇಳುತ್ತಾರೆ. ಆದರೆ ಈ ದೊಡ್ಡ ಕೆಲಸಗಳ ಪಕ್ಕದಲ್ಲೇ ಆ ಜರ್ಮನ್ನರು ಇನ್ನೊಂದು ಕೆಲಸ ಮಾಡಿದರು. ಅದನ್ನು ಯಾರೂ ಹೊಗಳುವುದಿಲ್ಲ. ಅವರು ಬರೆದಿಟ್ಟರು. ಯಾರು ಹುಟ್ಟಿದರು, ಯಾರು ಸತ್ತರು, ಯಾರಿಗೆ ದೀಕ್ಷಾಸ್ನಾನವಾಯಿತು, ಯಾರು ಯಾರನ್ನು ಮದುವೆಯಾದರು, ಯಾರು ಯಾವ ತಪ್ಪು ಮಾಡಿದರು. ಎಲ್ಲ ಸಾಲು ಸಾಲಾಗಿ, ಗೆರೆ ಎಳೆದು, ಕಾಲಮ್ ಹಾಕಿ.

ನಾನು 34 ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವಳು. ಕಂಪ್ಯೂಟರ್ ಬರುವ ಮುಂಚಿನ ಲೆಡ್ಜರ್. ಹಾಗಾಗಿ ಆ ಪುಸ್ತಕಗಳನ್ನು ಮೊದಲ ಸಲ ತೆರೆದಾಗ ನನಗೆ ಭಕ್ತಿಗಿಂತ ಮೊದಲು ಬಂದದ್ದು ಮೆಚ್ಚುಗೆ. ಎಂಥಾ ಚಂದದ ಗೆರೆ! ಒಂದು ಕಡೆಯೂ ಗೀಚಿ ತಿದ್ದಿಲ್ಲ. ತಪ್ಪಾದರೆ ಒಂದೇ ಗೆರೆ ಎಳೆದು ಮೇಲೆ ಸರಿ ಬರೆದು ಪಕ್ಕದಲ್ಲಿ ಇನಿಶಿಯಲ್ ಹಾಕಿದ್ದಾರೆ. ನಮ್ಮ ಮ್ಯಾನೇಜರರು ಕೂಗಾಡಿದರೂ ನಮ್ಮಲ್ಲಿ ಅರ್ಧ ಜನ ಹಾಗೆ ಮಾಡುತ್ತಿರಲಿಲ್ಲ.

ಆದರೆ ಬ್ಯಾಂಕಿನ ಅಭ್ಯಾಸವೇ ನನಗೆ ಮೊದಲ ವಾರ ಮುಳುವಾಯಿತು. ನೋಟು ಎಣಿಸಲು ಒದ್ದೆ ಸ್ಪಂಜು ಇಡುತ್ತಿದ್ದೆವಲ್ಲ, ಸ್ಪಂಜು ಇಲ್ಲದಿದ್ದರೆ ನಾಲಿಗೆ. ಎರಡನೇ ದಿನ ನಾನು ಗೊತ್ತಿಲ್ಲದೇ ಬೆರಳು ನೆಕ್ಕಿ ಪುಟ ತಿರುಗಿಸಿದೆ. ನಮ್ಮವರು ಕಿರುಚಿದರು. ನಾನು ಬೆಚ್ಚಿ ಕೈ ಎಳೆದೆ. ಪುಟದ ಮೂಲೆ ಹಪ್ಪಳದ ಹಾಗೆ ಮುರಿದು ಬಂತು. ಉಗುರಿನಷ್ಟು ಚೂರು. ಅದರಲ್ಲಿ ಒಂದು ಅಂಕೆ ಇತ್ತು, 3. ಯಾರದೋ ವಯಸ್ಸಿನ ಕೊನೆಯ ಅಂಕೆ. ಆ ಚೂರು ಈಗ ಒಂದು ಕಾಗದದ ಲಕೋಟೆಯಲ್ಲಿ, ಪುಟದ ಸಂಖ್ಯೆ ಬರೆದು, ಅದೇ ಪುಸ್ತಕದ ಪೆಟ್ಟಿಗೆಯಲ್ಲಿದೆ. ಅಂಟಿಸಬಾರದಂತೆ. ನನ್ನ ಪಾಪಕ್ಕೆ ಲಕೋಟೆ ಸಾಕ್ಷಿ.

ಈ ಕೆಲಸ ಹೇಗೆ ಮಾಡುವುದು ಅಂತ ನಮಗೆ 2 ದಿನ ಹೇಳಿಕೊಟ್ಟವರು ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹೆಂಗಸು. ಮೊದಲು ಅವರು ಹೇಳಿದ್ದು ಏನು ಮಾಡಬಾರದು ಅಂತ. ಸೆಲ್ಲೋಟೇಪ್ ಹಚ್ಚಬಾರದು. ಲ್ಯಾಮಿನೇಶನ್ ಮಾಡಬಾರದು. ಮೈದಾ ಗೋಂದು ಬೇಡ, ಹುಳಕ್ಕೆ ಅದು ಪಾಯಸ. ಹತ್ತಿಯ ಕೈಗವಸು ಬೇಡ, ಅದು ಪುಟದ ಅಂಚಿಗೆ ಸಿಕ್ಕಿಕೊಂಡು ಹರಿಯುತ್ತದೆ. ತೊಳೆದು ಒರೆಸಿದ ಒಣ ಕೈ ಸಾಕು. ಟೀವಿಯಲ್ಲಿ ಬಿಳಿ ಗ್ಲೌಸ್ ಹಾಕಿಕೊಂಡು ತಾಳೆಗರಿ ಹಿಡಿಯುವವರನ್ನು ನೋಡಿ ನಾನು ಆಗಲೇ 4 ಜೊತೆ ತಂದಿದ್ದೆ. ಈಗ ಅವು ಒಲೆಯ ಹತ್ತಿರ ಬಿಸಿ ಪಾತ್ರೆ ಇಳಿಸಲು ಇವೆ.

ಸೆಲ್ಲೋಟೇಪಿನ ಕಷ್ಟ ನಮ್ಮ ಕಪಾಟಿನಲ್ಲೇ ಕಂಡಿತು. 30–40 ವರ್ಷದ ಹಿಂದೆ ಯಾರೋ ಒಳ್ಳೆಯ ಮನಸ್ಸಿನಿಂದಲೇ ಹರಿದ ಪುಟಗಳಿಗೆಲ್ಲ ಟೇಪು ಹಚ್ಚಿದ್ದಾರೆ. ಟೇಪು ಒಣಗಿ ಉದುರಿದೆ. ಅಂಟು ಮಾತ್ರ ಕಾಗದದೊಳಗೆ ಇಳಿದು, ಕಾಸಿದ ಬೆಲ್ಲದ ಬಣ್ಣದ ಪಟ್ಟಿಯಾಗಿ ನಿಂತಿದೆ. ಆ ಪಟ್ಟಿಯ ಕೆಳಗಿನ ಹೆಸರುಗಳು ಹೋದ ಹಾಗೇ. ಒಂದು ಪುಸ್ತಕವನ್ನು ಒರಲೆ ತಿಂದಿದೆ. ಹೊರಗಿನ ರಟ್ಟು ಸರಿಯಾಗಿದೆ, ತೆರೆದರೆ ಒಳಗೆ ಮಣ್ಣಿನ ಸುರಂಗ. 1 ರಿಂದ 60 ರವರೆಗಿನ ಪುಟಗಳು ಒಂದೇ ಮುದ್ದೆ.

ಶಾಯಿಯೇ ಕಾಗದವನ್ನು ತಿನ್ನುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಆ ಕಾಲದ ಶಾಯಿ ಮಾಚಿಕಾಯಿ ಮತ್ತು ಅನ್ನಭೇದಿಯಿಂದ ಮಾಡಿದ್ದು. ಮಾಚಿಕಾಯಿ ಅಂದರೆ ಬಾಣಂತಿ ಮನೆಯಲ್ಲಿ ಮಗುವಿಗೆ ತೇಯ್ದು ನೆಕ್ಕಿಸುವುದೇ. ಅನ್ನಭೇದಿ ಕಬ್ಬಿಣದ ಉಪ್ಪು. ಬರೆಯುವಾಗ ಬಣ್ಣ ತೆಳು, ಗಾಳಿ ತಾಗಿದ ಮೇಲೆ ಕಪ್ಪು. ತುಂಬ ಗಟ್ಟಿ. ಆದರೆ ಅದರಲ್ಲಿರುವ ಆಮ್ಲ ನಿಧಾನವಾಗಿ ಕಾಗದವನ್ನು ಸುಡುತ್ತದೆ. ನಮ್ಮ ಕರಾವಳಿಯ ತೇವದಲ್ಲಿ ಇನ್ನೂ ಬೇಗ. ಒತ್ತಿ ಬರೆದ ದೊಡ್ಡ ಅಕ್ಷರಗಳ ಜಾಗದಲ್ಲಿ ಅಕ್ಷರದ ಆಕಾರದ್ದೇ ತೂತು. ಬೆಳಕಿಗೆ ಹಿಡಿದರೆ ಹೆಸರು ಆಚೆ ಬದಿಯಿಂದ ಬೆಳಕಾಗಿ ಕಾಣುತ್ತದೆ. ನೋಡಲು ಚಂದವೇ. ಆದರೆ ಹೆಸರು ಹೋಯಿತಲ್ಲ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಉತ್ಸಾಹದಲ್ಲಿ ಜುಲೈಯಲ್ಲೇ ಶುರು ಮಾಡಿದೆವು. ಮಂಗಳೂರಿನ ಜುಲೈ! ಹಾಕಿದ ಬಟ್ಟೆ 4 ದಿನ ಒಣಗದ ತಿಂಗಳಲ್ಲಿ ಪುಟ ತಿರುಗಿಸಲು ಹೊರಟರೆ ಅದು ಪಕ್ಕದ ಪುಟವನ್ನು ಬಿಡುವುದೇ ಇಲ್ಲ. ಕೊನೆಗೆ ಎಲ್ಲ ಮುಚ್ಚಿಟ್ಟು, ಪಟ್ಟಿ ಮಾತ್ರ ಮಾಡಿಕೊಂಡು, ದೀಪಾವಳಿ ಕಳೆದ ಮೇಲೆ ಫೋಟೋ ತೆಗೆಯಲು ಕೂತೆವು.

ನಮ್ಮವರು ಫೋಟೋ ಸ್ಟುಡಿಯೋ ಇಟ್ಟಿದ್ದವರು. ಮದುವೆ ಫೋಟೋ, ಪಾಸ್‌ಪೋರ್ಟ್ ಫೋಟೋ, ಸತ್ತವರ ಹಳೆ ಫೋಟೋ ದೊಡ್ಡದು ಮಾಡಿಕೊಡುವುದು. ಮೊಬೈಲ್ ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಹಳೆ ಫೋಟೋ ನಕಲು ತೆಗೆಯುವ ಅವರ ಸ್ಟ್ಯಾಂಡು ಮಂಚದ ಕೆಳಗಿತ್ತು, ಈಗ ಮತ್ತೆ ಕೆಲಸಕ್ಕೆ ಬಂತು. ಕ್ಯಾಮೆರಾ ಮೇಲಿನಿಂದ ನೇರ ಕೆಳಗೆ ನೋಡಬೇಕು. ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ದೀಪ. ಪುಸ್ತಕವನ್ನು ಪೂರ್ತಿ ಅಗಲಿಸಿದರೆ ಬೆನ್ನು ಮುರಿಯುತ್ತದೆ, ಅದಕ್ಕೆ ಎರಡು ಬದಿಗೂ ಮಡಚಿದ ಟವೆಲ್. ನಾನು ಮೆತ್ತನೆಯ ಬ್ರಶ್ಶಿನಲ್ಲಿ ಬೆನ್ನಿನಿಂದ ಅಂಚಿನ ಕಡೆಗೆ ಧೂಳು ಗುಡಿಸಬೇಕು, ಪುಟ ತಿರುಗಿಸಬೇಕು, "ಆಯ್ತು" ಅನ್ನಬೇಕು. ಅವರು ಕ್ಲಿಕ್. ದಿನಕ್ಕೆ 120 ಪುಟ ಆದರೆ ದೊಡ್ಡದು. 43 ವರ್ಷದ ದಾಂಪತ್ಯದಲ್ಲಿ ನಾವು ಇಷ್ಟು ಹೊತ್ತು ಜಗಳವಿಲ್ಲದೆ ಒಂದೇ ಕೋಣೆಯಲ್ಲಿ ಕೂತದ್ದು ಇದೇ ಮೊದಲು.

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗನಿಗೆ ಇದನ್ನು ಹೇಳಿದೆ. "ಚಿಕ್ಕಮ್ಮಾ, ಇಲ್ಲಿ ಇದನ್ನು ನಿಜವಾಗಿಯೂ ಮಿಶನರಿಗಳೇ ಮಾಡ್ತಾರೆ" ಅಂದ. ಯೂಟಾ ರಾಜ್ಯದಲ್ಲಿ ಮಾರ್ಮನ್ ಅಂತ ಜನ ಕರೆಯುವ ಸಭೆ ಉಂಟಂತೆ. ಅವರ ವಂಶಾವಳಿ ಸಂಘ ಶುರುವಾದದ್ದೂ 1894ರಲ್ಲೇ, ನಮ್ಮ ಕಿಟ್ಟೆಲ್ ನಿಘಂಟಿನ ವರ್ಷ. 1938ರಿಂದ ಊರೂರಿನ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡಿ ಬೆಟ್ಟದ ಒಳಗೆ ಕೊರೆದ ಉಗ್ರಾಣದಲ್ಲಿ ಇಟ್ಟಿದ್ದಾರೆ. 24 ಲಕ್ಷ ಸುರುಳಿ. ಅದನ್ನೆಲ್ಲ ಡಿಜಿಟಲ್ ಮಾಡಿ ಮುಗಿಸಿದ್ದು 2021ರಲ್ಲಿ. ಹರಿದ್ವಾರದ ಪಂಡಾಗಳು ಯಾತ್ರಿಕರ ವಂಶ ಬರೆದಿಡುವ ಬಹೀ ಪುಸ್ತಕಗಳನ್ನೂ ಫಿಲ್ಮ್ ಮಾಡಿದ್ದಾರೆ. ನಮ್ಮಂಥ ನಿವೃತ್ತ ಗಂಡ ಹೆಂಡತಿಯರನ್ನು ವರ್ಷ, ಎರಡು ವರ್ಷಕ್ಕೆ ಕ್ಯಾಮೆರಾ ಕೊಟ್ಟು ಬೇರೆ ಊರಿಗೆ ಕಳಿಸುತ್ತಾರಂತೆ, ಎದೆಯ ಮೇಲೆ ಹೆಸರಿನ ಪಟ್ಟಿ ಸಮೇತ. ಕೇಳಿ ನಮ್ಮವರಿಗೆ ಭಾರೀ ಖುಷಿ. "ನೋಡಿದೆಯಾ, ನಮ್ಮದು ಅಂತರರಾಷ್ಟ್ರೀಯ ಕೆಲಸ" ಅಂದರು.

ಆ ಮಾರ್ಮನ್ ಸಭೆಯವರು ಇದನ್ನು ಮಾಡುವುದಕ್ಕೆ ಇನ್ನೊಂದು ಕಾರಣವೂ ಇದೆ. ತೀರಿಹೋದ ಹಿರಿಯರ ಹೆಸರು ಸಿಕ್ಕಿದರೆ ಅವರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಮಾಡಿಸಿಕೊಳ್ಳುತ್ತಾರೆ. ಇದು ನನಗೆ ಯಾಕೋ ಸರಿ ಕಾಣಲಿಲ್ಲ. ಅವರವರ ನಂಬಿಕೆ, ಬಿಡಿ. ಆದರೆ ದೀಕ್ಷಾಸ್ನಾನಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತಿತ್ತು ಅಂತ ಅದೇ ತಿಂಗಳು ನಾನು ನಮ್ಮ ಪುಸ್ತಕದಲ್ಲಿ ಓದುತ್ತಿದ್ದೆ.

ಓದುತ್ತಿದ್ದೆ ಅಂದರೆ ಸುಲಭಕ್ಕೆ ಓದಿದ್ದಲ್ಲ. ಹಳೆಯ ಜರ್ಮನ್ ಕೈಬರಹ ಬೇರೆಯೇ ಲಿಪಿ ಇದ್ದಂತೆ. ಅವರ e ನೋಡಿದರೆ n ಹಾಗೆ. n ಮತ್ತು u ಒಂದೇ ಥರ, ಗೊತ್ತಾಗಲಿ ಅಂತ u ಮೇಲೆ ಒಂದು ಕೊಕ್ಕೆ. ಇಂಟರ್‌ನೆಟ್ಟಿನಲ್ಲಿ ಅಕ್ಷರಮಾಲೆಯ ಚಾರ್ಟು ಸಿಕ್ಕಿತು. 3 ತಿಂಗಳು ದಿನಕ್ಕೊಂದು ಪುಟ ಕಾಪಿ ಬರೆದೆ, ಒಂದನೇ ಕ್ಲಾಸಿನ ಮಗುವಿನ ಹಾಗೆ. ಜರ್ಮನ್ ಭಾಷೆ ನನಗೆ ಬಾರದು. ಆದರೆ ರಿಜಿಸ್ಟರ್ ಓದಲು 100 ಶಬ್ದ ಸಾಕು. ಹುಟ್ಟಿದ, ಸತ್ತ, ಮಗ, ಮಗಳು, ವಿಧವೆ, ಜ್ವರ. ಊರಿನ ಹೆಸರುಗಳದ್ದೇ ಪೇಚಾಟ. ನಮ್ಮ 'ಚ' ಬರೆಯಲು ಅವರಿಗೆ 4 ಅಕ್ಷರ ಬೇಕು. ಳ, ಣ ಇಲ್ಲವೇ ಇಲ್ಲ. ಮುತ್ತಜ್ಜನ ಅಪ್ಪನ ಊರು ಯಾವುದು ಅಂತ ನಾವು ಇವತ್ತಿಗೂ ಮುಲ್ಕಿ ಬದಿಯ ಎರಡು ಹಳ್ಳಿಗಳ ನಡುವೆ ಓಡಾಡುತ್ತಿದ್ದೇವೆ.

1914 ಬಂದಾಗ ಅಕ್ಷರವೇ ಬದಲಾಗುತ್ತದೆ. ಮೊದಲ ಮಹಾಯುದ್ಧ. ಜರ್ಮನ್ ಮಿಶನರಿಗಳು ಬ್ರಿಟಿಷರಿಗೆ ಶತ್ರುಗಳಾದರು. ಅವರನ್ನು ಹಿಡಿದು ಅಹ್ಮದ್‌ನಗರದ ಶಿಬಿರದಲ್ಲಿಟ್ಟು ಆಮೇಲೆ ಊರಿಗೆ ಅಟ್ಟಿದರು. ಮಿಶನಿನ ಕಾರ್ಖಾನೆಗಳು ಬ್ರಿಟಿಷರ ಕಾಮನ್‌ವೆಲ್ತ್ ಟ್ರಸ್ಟ್ ಕಂಪನಿಯ ಪಾಲಾದವು. ನಮ್ಮ ರಿಜಿಸ್ಟರಿನಲ್ಲಿ ಈ ಯಾವ ವಿಷಯವೂ ಇಲ್ಲ. ಎಡಗಡೆ ಪುಟದಲ್ಲಿ ಜರ್ಮನ್, ಬಲಗಡೆ ಪುಟದಲ್ಲಿ ದುಂಡು ದುಂಡು ಕನ್ನಡ, ನಮ್ಮದೇ ಒಬ್ಬ ಉಪದೇಶಿಯ ಕೈ. ಕಾಲಮ್ಮುಗಳು ಅವೇ. ಯುದ್ಧ ಅಷ್ಟೇ ಕಾಣುವುದು.

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ.

ಪ್ರತಿ ಕ್ರಿಸ್ಮಸ್ ಹಿಂದಿನ ರಾತ್ರಿ ನನ್ನ ಅಪ್ಪ ಒಂದು ಕಥೆ ಹೇಳುತ್ತಿದ್ದರು. ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ, ತಟ್ಟೆ ನಡುವೆ ಇಟ್ಟುಕೊಂಡು ನಾವೆಲ್ಲ ಸುತ್ತ ಕೂತಿರುತ್ತಿದ್ದೆವು. ಅಪ್ಪನ ಮುತ್ತಜ್ಜ ಮೂರ್ತೆ, ಅಂದರೆ ಕಳ್ಳು ಇಳಿಸುವ ಕೆಲಸ, ಮಾಡುತ್ತಿದ್ದ ಬಿಲ್ಲವ. ಒಂದು ರಾತ್ರಿ ದೈವದ ಮೊಗ, ಕತ್ತಿ, ಗಂಟೆ ಎಲ್ಲ ಗಂಟು ಕಟ್ಟಿ ಬಾವಿಗೆ ಹಾಕಿದನಂತೆ. ಹೆಂಡತಿ, ಇಬ್ಬರು ಮಕ್ಕಳ ಕೈ ಹಿಡಿದು ಕತ್ತಲಲ್ಲೇ ಮಂಗಳೂರಿಗೆ ನಡೆದುಬಂದನಂತೆ. ಕೊನೆಯ ಸಾಲು ಅಪ್ಪ ಯಾವಾಗಲೂ ಒಂದೇ ಥರ, ಬೈಬಲಿನ ಕಥೆ ಸೇರಿಸಿ ಹೇಳುತ್ತಿದ್ದರು. "ಲೋಟನ ಹೆಂಡತಿ ತಿರುಗಿ ನೋಡಿದಳು, ಉಪ್ಪಿನ ಕಂಬವಾದಳು. ನಮ್ಮ ಅಜ್ಜ ತಿರುಗಿ ನೋಡಲಿಲ್ಲ."

ರಿಜಿಸ್ಟರಿನಲ್ಲಿ ಅವನು ಸಿಕ್ಕಿದ. ದೀಕ್ಷಾಸ್ನಾನದ ಪಟ್ಟಿಯಲ್ಲಿ ಹಳೆಯ ಹೆಸರು ಒಂದೇ ಒಂದು ಕಡೆ, ಪಕ್ಕದಲ್ಲಿ ಹೊಸ ಹೆಸರು. ಆಮೇಲೆ ಎಲ್ಲೆಲ್ಲೂ ಹೊಸ ಹೆಸರೇ. ಹೆಂಡತಿಯ ಹಳೆಯ ಹೆಸರು ಬರೆದೇ ಇಲ್ಲ, 'ಮೇಲಿನವನ ಹೆಂಡತಿ' ಅಷ್ಟೇ. ಕಸುಬಿನ ಕಾಲಮ್ಮಿನಲ್ಲಿ ಹಂಚಿನ ಕಾರ್ಖಾನೆ. ಪ್ಲೆಬ್ಸ್ಟ್ ಅನ್ನುವವರು 1865ರಲ್ಲಿ ಜೆಪ್ಪುವಿನಲ್ಲಿ ಶುರು ಮಾಡಿದ ಕಾರ್ಖಾನೆ ಅದು. ಮಿಶನಿಗೆ ಕಳ್ಳು ಇಳಿಸುವವರು ಬೇಡ, ಕಳ್ಳು ಇಳಿಸುವುದು ಬಿಟ್ಟವನಿಗೆ ಊರಲ್ಲಿ ಬೇರೆ ಕೆಲಸವಿಲ್ಲ. ಮಗ್ಗ, ಹಂಚು ಎಲ್ಲ ಬಂದದ್ದು ಈ ಸಂಕಟಕ್ಕೆ ದಾರಿ ಹುಡುಕುವಾಗ. ಇಲ್ಲಿಯವರೆಗೆ ಅಪ್ಪನ ಕಥೆ ಸರಿ.

ಇನ್ನೊಂದು ಪುಸ್ತಕ ತೆರೆದದ್ದು ಫೆಬ್ರವರಿಯಲ್ಲಿ. ಸಭಾ ಹಿರಿಯರ ನಡವಳಿ ಪುಸ್ತಕ. ಯಾರು ಕುಡಿದರು, ಯಾರು ಸಾಲ ತೀರಿಸಲಿಲ್ಲ, ಯಾರು ಹೆಂಡತಿಗೆ ಹೊಡೆದರು, ಎಲ್ಲ ಅದರಲ್ಲಿ. ಓದುವಾಗ ನನಗೇ ನಾಚಿಕೆ. ಈಗ ಸಭೆಯ ಮುಂದಿನ ಬೆಂಚಿನಲ್ಲಿ ಕೂರುವವರ ಅಜ್ಜಂದಿರು ತಾನೆ? ಇದನ್ನೆಲ್ಲ ಫೋಟೋ ತೆಗೆದು ಎಲ್ಲರಿಗೂ ಕಾಣುವಂತೆ ಹಾಕುವುದು ಬೇಡ ಅಂತ ನಾನು ಮೊದಲ ದಿನವೇ ಹೇಳಿದ್ದೆ. ಈಗಲೂ ಅದೇ ಮಾತು. ಉಳಿಸುವುದು ಬೇರೆ, ಹಂಚುವುದು ಬೇರೆ.

1870ರ ದಶಕದ ಒಂದು ಪುಟದಲ್ಲಿ ನಮ್ಮ ಕುಟುಂಬದ ಸಂಖ್ಯೆ. ಒಂದೇ ಹೆಸರಿನವರು ನಾಲ್ಕಾರು ಜನ ಇದ್ದರೂ, ಪ್ರತಿ ಕುಟುಂಬಕ್ಕೂ ಒಂದು ಸಂಖ್ಯೆ ಕೊಟ್ಟಿದ್ದಾರೆ, ತಪ್ಪಲು ಸಾಧ್ಯವಿಲ್ಲ. 4 ಸಾಲು. ಮೊದಲು ನನಗೆ ಅರ್ಥವಾದ ಶಬ್ದ 'ಟೊಯ್‌ಫೆಲ್'. ಸೈತಾನ. ದೈವ, ಭೂತ ಎಲ್ಲಕ್ಕೂ ಮಿಶನರಿಗಳು ಇದೇ ಶಬ್ದ ಬಳಸುತ್ತಿದ್ದರು. ಇನ್ನೊಂದು ಶಬ್ದ 'ಶ್ವೆಸ್ಟರ್', ಅಂದರೆ ಒಡಹುಟ್ಟಿದವಳು. ಉಳಿದದ್ದನ್ನು ಡಿಕ್ಷನರಿ ಹಿಡಿದು ಎರಡು ಸಂಜೆ ಕೂತು ಬಿಡಿಸಿದೆ. ಒಡಹುಟ್ಟಿದವಳ ಮನೆಯಲ್ಲಿ ನಡೆದ ಕೋಲಕ್ಕೆ, ಅಂದರೆ ದೈವದ ಸೇವೆಗೆ, ಹೋಗಿದ್ದಾನೆ. ರಾತ್ರಿಯಿಡೀ ಅಲ್ಲೇ ಇದ್ದ. ಕೇಳಿದಾಗ ಒಪ್ಪಿಕೊಂಡ. ಆರು ತಿಂಗಳು ಕರ್ತನ ಭೋಜನಕ್ಕೆ, ಅಂದರೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವಾಗ, ಬರಕೂಡದು.

ತಿರುಗಿ ನೋಡಿದ್ದ. ನೋಡಿದ್ದು ಮಾತ್ರವಲ್ಲ, ಅಷ್ಟು ದೂರ ನಡೆದುಕೊಂಡು ಹೋಗಿದ್ದ.

ನಾನು ಸುಮ್ನೆ ಕೂತೆ. ನಮ್ಮವರು "ಆಯ್ತಾ?" ಅಂತ ಕೇಳುತ್ತಲೇ ಇದ್ದರು, ಮುಂದಿನ ಪುಟಕ್ಕೆ.

ತುಳುನಾಡಿನ ಹೊರಗಿನವರಿಗೆ ಇಲ್ಲಿ ಒಂದು ವಿಷಯ ಹೇಳಬೇಕು. ಬಿಲ್ಲವರಲ್ಲಿ ಆಗ ಅಳಿಯಕಟ್ಟು. ಆಸ್ತಿ, ಮನೆತನ ಎಲ್ಲ ತಾಯಿಯ ಕಡೆಯಿಂದ ಬರುವುದು. ಗಂಡಸಿನ ವಾರಸುದಾರರು ಅವನ ಮಕ್ಕಳಲ್ಲ, ಅವನೊಂದಿಗೆ ಹುಟ್ಟಿದವಳ ಮಕ್ಕಳು. ಬರಿ ಅಂತ ಒಂದು ಉಂಟು, ಬೇರೆ ಕಡೆ ಗೋತ್ರ ನೋಡುವ ಹಾಗೆ ನಮ್ಮಲ್ಲಿ ಮದುವೆಗೆ ಬರಿ ನೋಡುತ್ತಾರೆ. ಅದೂ ತಾಯಿಯಿಂದಲೇ. ಕುಟುಂಬದ ಮನೆಯಲ್ಲಿ ದೈವದ ಮುಂದೆ ನಿಲ್ಲುವುದು ಆ ಮನೆಯ ಹೆಣ್ಣುಮಕ್ಕಳ ಅಣ್ಣತಮ್ಮಂದಿರು. ಅಂದರೆ ನಮ್ಮ ಅಜ್ಜ ಮನೆ ಬಿಟ್ಟಾಗ ಬಿಟ್ಟದ್ದು ದೈವವನ್ನು ಮಾತ್ರವಲ್ಲ. ಅಲ್ಲಿನ ಮಕ್ಕಳಿಗೆ ಸೋದರಮಾವನೇ ಇಲ್ಲದಂತಾಯಿತು.

ಜರ್ಮನ್ನರ ರಿಜಿಸ್ಟರಿನಲ್ಲಿ ಇದಕ್ಕೆ ಜಾಗವೇ ಇಲ್ಲ. ಅವರ ಊರಿನ ಪದ್ಧತಿಯಂತೆ ಮೊದಲ ಕಾಲಮ್ಮು ಅಪ್ಪ, ಆಮೇಲೆ ಅವನ ಹೆಂಡತಿ, ಕೆಳಗೆ ಅವನ ಮಕ್ಕಳು. ಬಂಗೇರ, ಸಾಲ್ಯಾನ್, ಕುಂದರ್, ಇವೆಲ್ಲ ಬರಿಯ ಹೆಸರುಗಳು. ನಮ್ಮ ಸಭೆಗಳಲ್ಲಿ ಕೆಲವು ಮನೆಗಳಿಗೆ ಅಂಥ ಹೆಸರು ಈಗಲೂ ಉಂಟು. ಆದರೆ ಪುಸ್ತಕಕ್ಕೆ ಹತ್ತಿದ ದಿನದಿಂದ ಅದು ಅಪ್ಪನಿಂದ ಮಗನಿಗೆ ಹೋಗತೊಡಗಿತು. ತಾಯಿಯ ಹೆಸರು ಅಪ್ಪನ ಹೆಸರಾಯಿತು. ಒಂದು ಗೆರೆ ಎಳೆದದ್ದಕ್ಕೆ ಇಷ್ಟೆಲ್ಲ. ಲೆಡ್ಜರ್ ಬರೆದವಳಿಗೆ ಇದು ಚೆನ್ನಾಗಿ ಗೊತ್ತು. ಕಾಲಮ್ ಇಲ್ಲದ ವಿಷಯ ಬ್ಯಾಂಕಿನಲ್ಲಿ ನಡೆಯುವುದೇ ಇಲ್ಲ.

ನಾನು ಮಿಶನರಿಗಳನ್ನು ಬೈಯುತ್ತಿಲ್ಲ. ಅವರಿಲ್ಲದಿದ್ದರೆ ಆ ಕಾಲದ ಒಬ್ಬ ಮೂರ್ತೆಯವನ ಹೆಸರನ್ನು ಯಾರು ಬರೆಯುತ್ತಿದ್ದರು? ಜಮೀನು ಇದ್ದರೆ ಕಂದಾಯದ ಪುಸ್ತಕದಲ್ಲಿ ಇರುತ್ತಿದ್ದ, ಅವನಿಗೆ ಜಮೀನು ಇರಲಿಲ್ಲ. ಅವನ ಅಕ್ಕತಂಗಿಯರ ಕಡೆಯವರಿಗೆ ಇವತ್ತು ತಮ್ಮ ಅಜ್ಜಿಯ ಅಜ್ಜಿಯ ಹೆಸರು ಗೊತ್ತಿರುವುದು ಅನುಮಾನ. ನಮಗೆ ಗೊತ್ತಿರುವುದು ಈ ಗೆರೆಗಳಿಂದ. ಮಿಶನ್ನಿನವರ ಮನಸ್ಸೂ ಒಂದೇ ಕಡೆ ಇರಲಿಲ್ಲ ಅನ್ನಿಸುತ್ತದೆ. ಕೋಲ ನೋಡಿದ್ದಕ್ಕೆ ನಮ್ಮ ಅಜ್ಜನನ್ನು ಆರು ತಿಂಗಳು ಹೊರಗಿಟ್ಟ ಅದೇ ಮಿಶನ್, ಆಮೇಲೆ 1886ರಲ್ಲಿ ಭೂತಗಳ ಕಥೆ ಹಾಡುವ ಪಾಡ್ದನಗಳನ್ನು ಸೇರಿಸಿ ತನ್ನ ಪ್ರೆಸ್ಸಿನಲ್ಲೇ ಅಚ್ಚು ಹಾಕಿತು. ಮಿಶನರಿ ಮೆನ್ನರ್ ಅವರ ತುಳು ನಿಘಂಟೂ ಅದೇ ವರ್ಷ. ಮಿಶನರಿ ಪಾಡ್ದನ ಕೇಳಿ ಬರೆದುಕೊಂಡರೆ ವಿದ್ಯೆ, ಕೆಲಸಗಾರ ಹೋಗಿ ಕೇಳಿದರೆ ಪಾಪ! ಇದನ್ನು ನಾನು ಸಭಾಪಾಲಕರಿಗೆ ಹೇಳಿದೆ. ಅವರು ನಕ್ಕು, "ಅದನ್ನು ಪ್ರಸಂಗದಲ್ಲಿ ಹೇಳಲು ನನಗೆ ಧೈರ್ಯವಿಲ್ಲ" ಅಂದರು.

ತಮ್ಮನಿಗೆ ಫೋನ್ ಮಾಡಿದೆ. ಅವನು ಮಸ್ಕತ್‌ನಲ್ಲಿದ್ದಾನೆ. ಅಪ್ಪನ ಕಥೆ ಈಗ ಅವನ ಮಕ್ಕಳಿಗೆ ಅವನು ಹೇಳುತ್ತಾನೆ. ಉಪ್ಪಿನ ಕಂಬ ಸಮೇತ. ಎಲ್ಲ ಕೇಳಿದ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಅಕ್ಕಾ, ಅಪ್ಪ ಇದ್ದಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರು, ಅಲ್ವಾ?" ಅಂದ. ಹೌದು, ಮಾಡಿಕೊಳ್ಳುತ್ತಿದ್ದರು. "ಹಾಗಾದರೆ ಇದನ್ನೆಲ್ಲ ಬರೆಯುವುದು ಯಾಕೆ?" ನಾನು ಉತ್ತರ ಕೊಡಲಿಲ್ಲ. ನನಗೆ ಆಗ ತಲೆಯಲ್ಲಿ ಇದ್ದದ್ದು ಒಂದೇ. ಇವನು ಮದುವೆಯಾಗಿ ದೂರ ಹೋದ ಮೇಲೂ ವರ್ಷಕ್ಕೊಮ್ಮೆ ನನ್ನ ಮನೆಗೆ ಬಂದು ಹೋಗುತ್ತಾನೆ. ಬರಬೇಡ ಅಂತ ಯಾರಾದರೂ ಅಂದರೆ? ಬಂದದ್ದಕ್ಕೆ ಊರೆಲ್ಲರ ಮುಂದೆ ತಪ್ಪು ಒಪ್ಪಿಕೊಳ್ಳಬೇಕು ಅಂದರೆ?

ಬಾಸೆಲ್‌ನ ಮಿಶನ್ ಸಂಗ್ರಹದಲ್ಲಿ ಸಾವಿರಾರು ಹಳೆ ಫೋಟೋಗಳಿವೆ, ಇಂಟರ್‌ನೆಟ್ಟಿನಲ್ಲೇ ನೋಡಬಹುದು. ಹಂಚಿನ ಕಾರ್ಖಾನೆಯವೂ ಇವೆ. ರಾತ್ರಿ ಕೂತು ದೊಡ್ಡದು ಮಾಡಿ ಮಾಡಿ ನೋಡಿದೆ. ಬರಿಗಾಲು, ಮೊಣಕಾಲಿನವರೆಗೆ ಪಂಚೆ, ತಲೆಗೆ ಮುಂಡಾಸು. ಯಾರು ಬೇಕಾದರೂ ಆಗಿರಬಹುದು. ನಮ್ಮವರು ಸ್ಟುಡಿಯೋದವರ ಗತ್ತಿನಲ್ಲಿ ಒಬ್ಬನ ಕಿವಿ ತೋರಿಸಿ "ಇದು ನಿಮ್ಮ ಮನೆಯ ಕಿವಿ" ಅಂದರು. ಹಾಗೆಲ್ಲ ನಂಬುವವಳಲ್ಲ ನಾನು. ಆದರೆ ಆ ಫೋಟೋ ನನ್ನ ಮೊಬೈಲಿನಲ್ಲಿ ಇದೆ.

ಅದೇ ನಡವಳಿ ಪುಸ್ತಕದಲ್ಲಿ ಮುಂದೆ ಇನ್ನೊಂದು ಸಾಲು ಸಿಕ್ಕಿತು. ಸಭೆಯ ಮುಂದೆ ನಿಂತು ಒಪ್ಪಿಕೊಂಡ, ಮತ್ತೆ ಸೇರಿಸಿಕೊಂಡೆವು ಅಂತ. ತಾರೀಖು ನೋಡಿದೆ. ಆರು ತಿಂಗಳಲ್ಲ, ಹದಿನೈದು ತಿಂಗಳಾಗಿತ್ತು. ಇಷ್ಟು ತಡ ಯಾಕೆ ಅಂತ ಬರೆದಿಲ್ಲ. ಮುಂದಿನ ವರ್ಷದ ಕೋಲಕ್ಕೂ ಹೋಗಿಬಂದನೇನೋ ಅಂತ ನನಗೆ ಅನುಮಾನ. ಸಾಕ್ಷಿ ಇಲ್ಲ. ಅನುಮಾನ ನನ್ನದು, ಪುಸ್ತಕದ್ದಲ್ಲ.

ಈ ವಾರ ಎಕ್ಸೆಲ್ ಶೀಟಿನ ಕೆಲಸ. ಶೀಟು ಮಾಡಿಕೊಟ್ಟದ್ದು ನಮ್ಮ ಸಭೆಯ ಒಬ್ಬ ಹುಡುಗ, ಕಂಪ್ಯೂಟರ್ ಕಂಪನಿಯಲ್ಲಿದ್ದಾನೆ. ಹೆಸರು, ಅಪ್ಪ, ಅಮ್ಮ, ಊರು, ಕಸುಬು. ಕೊನೆಗೆ ಷರಾ. ಪುಸ್ತಕದ ಕಾಲಮ್ಮುಗಳನ್ನೇ ನಕಲು ಮಾಡಿದ್ದ. ನಾನು ಹೇಳಿದೆ, "ಮಗಾ, ಇನ್ನೊಂದು ಕಾಲಮ್ ಹಾಕು. ಒಡಹುಟ್ಟಿದವರು ಅಂತ." ಅವನಿಗೆ ಆಶ್ಚರ್ಯ. "ಆಂಟಿ, ಅದು ಪುಸ್ತಕದಲ್ಲಿ ಇಲ್ಲವಲ್ಲ. ಎಷ್ಟು ಜನರದ್ದು ಸಿಗುತ್ತದೆ?" ಇಲ್ಲಿಯವರೆಗೆ 11 ಜನರದ್ದು ಸಿಕ್ಕಿದೆ. ಹಿರಿಯರ ನಡವಳಿಗಳಲ್ಲಿ, ಅಲ್ಲೊಂದು ಇಲ್ಲೊಂದು. ಸಾಲ ಕೊಟ್ಟ ಅಣ್ಣ, ಸತ್ತಾಗ ಹೆಣ ಕೇಳಲು ಬಂದ ತಮ್ಮ. ಹುಡುಗ ಕಾಲಮ್ ಹಾಕಿಕೊಟ್ಟ. ಅದನ್ನು ಒತ್ತಿದರೆ ಕೆಳಗೆ ಪಟ್ಟಿ ಬಿಚ್ಚುತ್ತದೆ: ಅಣ್ಣ, ತಮ್ಮ, ಅಕ್ಕ, ತಂಗಿ. ಒಂದನ್ನು ಆರಿಸಬೇಕು. ಒಮ್ಮೆ ಒತ್ತಿದ ಮೇಲೆ ಖಾಲಿ ಬಿಟ್ಟರೆ ಮುಂದಿನ ಸಾಲಿಗೆ ಹೋಗಲು ಬಿಡುವುದಿಲ್ಲ.

ನಮ್ಮ ಸಾಲಿಗೆ ಬಂದಾಗ ಕೈ ನಿಂತಿತು. ಶ್ವೆಸ್ಟರ್ ಅಂದರೆ ಅಕ್ಕನೋ, ತಂಗಿಯೋ? ಜರ್ಮನ್ನರಿಗೆ ಎರಡಕ್ಕೂ ಒಂದೇ ಶಬ್ದ. ಆ ದೊರೆ ತುಳುವಿನಲ್ಲಿ ಕೇಳಿರುತ್ತಾನೆ, ಅಜ್ಜ ತುಳುವಿನಲ್ಲಿ ಹೇಳಿರುತ್ತಾನೆ, ಹಿರಿಯಳೋ ಕಿರಿಯಳೋ ಅಂತ ಗೊತ್ತಾಗುವಂತೆ. ಬರೆಯುವಾಗ ಅದು ಬಿದ್ದುಹೋಗಿದೆ. ಪಟ್ಟಿಗೆ ಸಹೋದರಿ ಅಂತ ಇನ್ನೊಂದು ಸೇರಿಸಿ ಕೊಡುತ್ತೇನೆ ಅಂದ ಹುಡುಗ. ನಾನು ಬೇಡ ಅಂದೆ. ಸಹೋದರಿ ಅಂತ ನಮ್ಮಲ್ಲಿ ಕರೆಯುವುದು ಸಭೆಯವರನ್ನು, ಪ್ರಾರ್ಥನೆಗೆ ಮುಂಚೆ. ಅವಳು ಸಭೆಗೆ ಬಾರದವಳು. ಸ್ವಂತ ಅಕ್ಕನನ್ನು ಯಾರಾದರೂ ಸಹೋದರಿ ಅಂತಾರಾ?

ಊಟಕ್ಕೆ ಕೂತಾಗಲೂ ಅದೇ ಮಾತು. "ಅಕ್ಕ ಅಂತ ಹಾಕು ಮಾರಾಯ್ತಿ" ಅಂದರು ನಮ್ಮವರು. "ಸೈತಾನ ಅಂತ ಹೆದರಿಸಿದರೂ, ಆರು ತಿಂಗಳು ಹೊರಗಿಡ್ತಾರೆ ಅಂತ ಗೊತ್ತಿದ್ದರೂ ಹೋಗಿದ್ದಾನೆ ಅಂದರೆ ಕರೆದವಳು ಅಕ್ಕನೇ. ನಿನ್ನ ತಮ್ಮನನ್ನು ನಾನು ನೋಡಿಲ್ವಾ, ನೀನು ಒಂದು ಫೋನ್ ಮಾಡಿದರೆ ವಿಮಾನ ಹತ್ತುತ್ತಾನೆ."

"ತಂಗಿ ಕರೆದರೂ ಅಣ್ಣ ಹೋಗ್ತಾನೆ" ಅಂದೆ. "ತಂಗಿಯಾದರೆ ಅವಳ ಮಕ್ಕಳು ಸಣ್ಣವು. ಸಣ್ಣ ಮಕ್ಕಳಿಗೆ ಮಾವ ಬೇಕು."

"ಸರಿ, ತಂಗಿ ಅಂತ ಹಾಕು."

"ಅದು ಹೇಗೆ ಸುಮ್ನೆ ಹಾಕುವುದು? ಸಾಕ್ಷಿ ಬೇಡ್ವಾ?"

ಅವರು ಬಂಗುಡೆಯ ಮುಳ್ಳು ಬಿಡಿಸುತ್ತಾ, "ಲೆಡ್ಜರಿನವಳನ್ನು ಕಟ್ಟಿಕೊಂಡದ್ದು ನನ್ನದೇ ತಪ್ಪು" ಅಂದರು. ಶೀಟು ಇನ್ನೂ ಆ ಸಾಲಿನಲ್ಲೇ ನಿಂತಿದೆ. ಸೋಮವಾರ ಹುಡುಗ ಬಂದು ಖಾಲಿ ಬಿಡಲು ಆಗುವಂತೆ ಮಾಡಿಕೊಡುತ್ತಾನಂತೆ.